ಅರಿವು ಕೇಂದ್ರದಲ್ಲಿ ವಿಜ್ಞಾನ ಕಥೆಗಳಿಗೆ ಮೂರಡಿ ಜಾಗ ಕೊಡಿ: ಪಂಚಾಯತ್ ರಾಜ್ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರಗಳು.

ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲೂ, ಮೂರಡಿ ಉದ್ದದ ಒಂದು ಸಾಲು ಮಕ್ಕಳ ವಿಜ್ಞಾನ ಕಥೆಗಳಿಗೆ ಮೀಸಲಾಗಬೇಕು, ಆ ಸಾಲಿಗೆ ಬೀಗ ಇರಬಾರದು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ನಾವು ಗ್ರಂಥಾಲಯ, ಶಾಲೆ, ಅನುವಾದ, ಪುಸ್ತಕ ಪ್ರಕಟಣೆಯ ಕೆಲಸಗಳಲ್ಲಿರುವ ಕೆಲವರು. ಬೇಡಿಕೆ ಚಿಕ್ಕದು. ಆದರೆ ಬರೀ ‘ಪುಸ್ತಕ ಕೊಡಿ’ ಎಂದರೆ ಕೆಲಸ ಎಲ್ಲೆಲ್ಲಿ ಕೆಡುತ್ತದೆ ಎಂಬುದು ಗೊತ್ತಿರುವುದರಿಂದ ಸ್ವಲ್ಪ ವಿವರಕ್ಕೆ ಇಳಿಯಬೇಕಾಗಿದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ತಮ್ಮ ಇಲಾಖೆಗೆ ಬಂದವು. ಮರುವರ್ಷ ಮಕ್ಕಳನ್ನು ಓದಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಇದು ನಿಜಕ್ಕೂ ದೊಡ್ಡ ಕೆಲಸ. ಕಾರ್ಡು ಹಿಡಿದು ಬಂದ ಮಗುವಿಗೆ ಒಳಗೆ ಏನು ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಚಿಕ್ಕವರಿಗೆ ಚಿತ್ರದ ಕಥೆಗಳಿವೆ. ದೊಡ್ಡವರಿಗೆ ಕಾದಂಬರಿಗಳಿವೆ. ಕೆಲಸ ಹುಡುಕುವವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿವೆ. ನಡುವೆ ಹತ್ತರಿಂದ ಹದಿನಾಲ್ಕರವರೆಗಿನ ವಯಸ್ಸು ಖಾಲಿ ಉಳಿದಿದೆ. ಪ್ರಾಣಿಗಳು ಮಾತಾಡುವ ಕಥೆ ಆ ಮಕ್ಕಳಿಗೆ ಸಾಕಾಗಿದೆ, ದೊಡ್ಡವರ ಸಂಸಾರದ ಕಥೆ ಇನ್ನೂ ಹಿಡಿಸುವುದಿಲ್ಲ. ಓದುವ ಅಭ್ಯಾಸ ತಪ್ಪಿಹೋಗುವುದು ಈ ವಯಸ್ಸಿನಲ್ಲೇ. ‘ಹೀಗಾದರೆ ಏನಾದೀತು?’ ಎಂದು ಕೇಳುತ್ತಲೇ ಇರುವ ವಯಸ್ಸೂ ಇದೇ. ಆ ಒಂದು ಪ್ರಶ್ನೆಯ ಮೇಲೆ ನಿಂತ ಸಾಹಿತ್ಯ ವಿಜ್ಞಾನ ಕಥೆ. ಗ್ರಂಥಾಲಯದ ಆಸುಪಾಸಿನಲ್ಲಿ ಬೆಳೆಯುವ ಮಗುವಿಗೆ ಅದು ಸರಿಯಾದ ಹೊತ್ತಿನಲ್ಲಿ ಕೈಗೆ ಸಿಗಬೇಕು.

ಈಗ ಸಿಗದಿರುವುದಕ್ಕೆ ಮೊದಲ ಕಾರಣ ಜೋಡಣೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡದ ಕಥೆ-ಕಾದಂಬರಿಗಳೆಲ್ಲ 894.8143ರ ಅಡಿ ಬರುತ್ತವೆ. ಪತ್ತೇದಾರಿ, ಸಾಮಾಜಿಕ, ಐತಿಹಾಸಿಕ, ವಿಜ್ಞಾನ ಕಥೆ ಎಲ್ಲಕ್ಕೂ ಅದೇ ಸಂಖ್ಯೆ. ಎಷ್ಟೋ ಕಡೆ ಅದೂ ಇಲ್ಲ, ಅಕ್ಸೆಷನ್ ನಂಬರಿನ ಪ್ರಕಾರ, ಅಂದರೆ ಪುಸ್ತಕ ಬಂದ ಕ್ರಮದಲ್ಲಿ ಜೋಡಿಸಿರುತ್ತಾರೆ. ಲೇಖಕರ ಹೆಸರು ಗೊತ್ತಿಲ್ಲದ ಐದನೇ ತರಗತಿಯ ಹುಡುಗಿ ಆ ರಾಶಿಯಲ್ಲಿ ತನಗೆ ಬೇಕಾದ್ದನ್ನು ಹುಡುಕಲಾರಳು. ಪರಿಹಾರಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಪುಸ್ತಕದ ಬೆನ್ನಿನ ಕೆಳತುದಿಯಿಂದ ಒಂದಂಗುಲ ಮೇಲೆ ನೀಲಿ ಪಟ್ಟಿ ಅಂಟಿಸಿ, ಅದರ ಮೇಲಿನ ಚೀಟಿಯಲ್ಲಿ ‘ವಿ.ಕ.’ ಎಂದೂ ಲೇಖಕರ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಬರೆದರೆ ಸಾಕು. ರಿಜಿಸ್ಟರಿನ ಷರಾ ಅಂಕಣದಲ್ಲೂ ಅದೇ ಗುರುತು ಇರಲಿ. ಪುಸ್ತಕ ಎಲ್ಲಿಗೇ ಹೋಗಿದ್ದರೂ ಸಂಜೆ ನೀಲಿ ಪಟ್ಟಿ ನೋಡಿಕೊಂಡು ಮಕ್ಕಳೇ ಅದರ ಜಾಗಕ್ಕೆ ಇಡುತ್ತಾರೆ.

ಸಾಲು ನೆಲದಿಂದ ಎರಡೂವರೆ–ಮೂರೂವರೆ ಅಡಿ ಎತ್ತರದೊಳಗೆ ಇರಬೇಕು. ಅದಕ್ಕಿಂತ ಮೇಲಿನದು ಹತ್ತು ವರ್ಷದವರ ಕಣ್ಣಿಗೆ ಬೀಳದು, ತೀರಾ ಕೆಳಗಿನ ಸಾಲಿಗೆ ಕಸಬರಿಕೆಯ ದೂಳು, ನೆಲ ಒರೆಸಿದ ನೀರು ತಾಗುತ್ತದೆ. ಇನ್ನೂರು ಪುಟದ ಡೆಮಿ ಅಳತೆಯ (ಸಾಮಾನ್ಯ ಕಾದಂಬರಿಯ ಅಳತೆಯ) ಪುಸ್ತಕ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಇರುತ್ತದೆ. ಲೆಕ್ಕಕ್ಕೆ ಮೂರಡಿಯಲ್ಲಿ ಅರವತ್ತು ಹಿಡಿದರೂ ನಲವತ್ತೇ ಇಡಬೇಕು. ಬಿಗಿಯಾಗಿ ತುರುಕಿದರೆ ಮಕ್ಕಳು ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯುತ್ತಾರೆ, ರಟ್ಟು ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ಉಳಿದ ಜಾಗದಲ್ಲಿ ಮೂರು ಪುಸ್ತಕಗಳ ಮುಖಪುಟ ಎದುರಿಗೆ ಕಾಣುವಂತೆ ನಿಲ್ಲಿಸಿ ವಾರಕ್ಕೊಮ್ಮೆ ಬದಲಿಸಬಹುದು. ರ್ಯಾಕ್ ಗೋಡೆಯಿಂದ ನಾಲ್ಕು ಅಂಗುಲ ದೂರ ಇರಲಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಗೋಡೆಗೆ ತಾಗಿದ ಪುಸ್ತಕಕ್ಕೆ ಬೂಷ್ಟು ಖಚಿತ, ಮರದ ರ್ಯಾಕ್ ಆಗಿದ್ದರೆ ಗೆದ್ದಲಿಗೆ ಗೋಡೆಯೇ ದಾರಿ.

ಇನ್ನು ಬೈಂಡಿಂಗ್. ಇದನ್ನು ತಾವು ಟೆಂಡರಿನ ಷರತ್ತಿನಲ್ಲೇ ಸೇರಿಸಬೇಕು. ಈಗ ಬರುವ ಬಹುಪಾಲು ಪುಸ್ತಕಗಳು ಪರ್ಫೆಕ್ಟ್ ಬೈಂಡಿಂಗ್. ಹಾಳೆಗಳ ಬೆನ್ನು ಕತ್ತರಿಸಿ, ಬಿಸಿ ಅಂಟು ಸವರಿ ಹೊದಿಕೆ ಅಂಟಿಸುವ ಬಗೆ ಅದು. ಮಕ್ಕಳು ಪುಸ್ತಕವನ್ನು ನೆಲದ ಮೇಲೆ ಪೂರ್ತಿ ಬಿಡಿಸಿಟ್ಟು ಓದುತ್ತಾರೆ. ಅಂಟು ಒಣಗಿ ಪೆಡಸಾದ ಮೇಲೆ ನಡುವಿನ ಹಾಳೆ ಮೊದಲು ಕೀಳುತ್ತದೆ, ಆಮೇಲೆ ಅಕ್ಕಪಕ್ಕದವು. ಕಥೆಯ ಕೊನೆಯ ಹದಿನಾರು ಪುಟ ಇಲ್ಲದ ಪುಸ್ತಕವನ್ನು ಯಾವ ಮಗುವಿಗೂ ಕೊಡಬಾರದು. ಗ್ರಂಥಾಲಯಕ್ಕೆಂದು ಖರೀದಿಸುವ ಪ್ರತಿಗಳಿಗೆ ಫಾರಂ ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟು) ಸೇರಿಸಿ ದಾರದ ಹೊಲಿಗೆ ಹಾಕಿಸಿದರೆ ಪ್ರತಿಯ ಬೆಲೆ ತುಸು ಹೆಚ್ಚುತ್ತದೆ, ಬಾಳಿಕೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಈಗಾಗಲೇ ಬಂದಿರುವ ಪುಸ್ತಕಗಳಿಗೆ, ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಮೂರು ತೂತು ಕೊರೆದು ದಾರ ಪೋಣಿಸಿ, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಬಹುದು. ಮರಗೆಲಸದವರು ಬಳಸುವ ಬಿಳಿ ಅಂಟು ಸಾಕು. ಮೈದಾ ಅಂಟು ಬೇಡ, ಬೆಳ್ಳಿಹುಳಕ್ಕೆ ಅದು ಆಹಾರ. ಸೆಲ್ಲೋಟೇಪು ಖಂಡಿತ ಬೇಡ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಉದುರಿ, ಅದರ ಅಂಟು ಕಾಗದಕ್ಕೆ ಇಳಿದು ಅಕ್ಷರವನ್ನೂ ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಬೀಗ ತೆಗೆಯದಿದ್ದರೆ ಫಲವಿಲ್ಲ. ಗ್ರಂಥಾಲಯ ನೋಡಿಕೊಳ್ಳುವ ಮೇಲ್ವಿಚಾರಕರು ಕಪಾಟಿಗೆ ಬೀಗ ಹಾಕುವುದು ಅಸಡ್ಡೆಯಿಂದಲ್ಲ, ಹೆದರಿಕೆಯಿಂದ. ಪುಸ್ತಕ ಕಳೆದರೆ ತಮ್ಮ ತಲೆಗೇ ಬರುತ್ತದೆ ಎಂಬ ಹೆದರಿಕೆ ಇರುವವರೆಗೆ ಯಾವ ಸುತ್ತೋಲೆಯೂ ಕಪಾಟು ತೆರೆಸಲಾರದು. ಇದಕ್ಕೆ ಒಳ್ಳೆಯ ಮಾದರಿ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲೇ ಇದೆ. 2017ರ ಆ ನಿಯಮಗಳ 215ನೇ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದ ಪಕ್ಷದಲ್ಲಿ, ಸಹಜ ನಷ್ಟ ಎಂದು ಪರಿಗಣಿಸಬಹುದು. ಸಾವಿರ ರೂಪಾಯಿ ಮೀರಿದ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಮಕ್ಕಳ ಕಥೆ ಪುಸ್ತಕ ಆ ಬೆಲೆಗೆ ಹತ್ತಿರವೂ ಬರುವುದಿಲ್ಲ. ಇದೇ ಅರ್ಥದ ಒಂದು ಆದೇಶವನ್ನು ಅರಿವು ಕೇಂದ್ರಗಳಿಗೆಂದು ತಾವು ಹೊರಡಿಸಿ, ಅದರ ಪ್ರತಿಯನ್ನು ಗೋಡೆಗೆ ಅಂಟಿಸಲು ಹೇಳಿದರೆ, ಬೀಗ ತಾನಾಗಿ ಕಳಚುತ್ತದೆ. ಈ ಪತ್ರದಲ್ಲಿ ಒಂದೇ ಒಂದು ಕೋರಿಕೆ ಈಡೇರುವುದಾದರೆ ಅದು ಇದಾಗಲಿ.

ಹಣದ ವಿಷಯಕ್ಕೆ ಬಂದರೆ, ಪುಸ್ತಕಕ್ಕೆ ಸರಾಸರಿ 150 ರೂಪಾಯಿ ಇಟ್ಟುಕೊಂಡರೂ ನಲವತ್ತಕ್ಕೆ 6,000 ರೂಪಾಯಿ. ಪಂಚಾಯಿತಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಒಂದು ಲಕ್ಷ ತೆರಿಗೆ ಬಂದರೆ ಸಿಗುವ ಕರ ಸರಿಯಾಗಿ ಅಷ್ಟೇ. ಸುಮಾರು ಆರು ಸಾವಿರ ಪಂಚಾಯಿತಿಗಳಿಗೆ ಒಟ್ಟು ಮೂರು ಕೋಟಿ ಅರವತ್ತು ಲಕ್ಷ. ಒಂದೇ ವರ್ಷಕ್ಕೆ ಭಾರವಾದರೆ ಇಪ್ಪತ್ತರಂತೆ ಎರಡು ವರ್ಷದಲ್ಲಿ ಕೊಡಿ. ಅಕ್ಕಪಕ್ಕದ ಎರಡು ಪಂಚಾಯಿತಿಗಳಿಗೆ ಬೇರೆ ಬೇರೆ ಇಪ್ಪತ್ತು ಕೊಟ್ಟು ಆರು ತಿಂಗಳಿಗೊಮ್ಮೆ ಅದಲುಬದಲು ಮಾಡಿಸಿದರೆ ಮೊದಲ ವರ್ಷವೇ ಎರಡೂ ಕಡೆಯ ಮಕ್ಕಳಿಗೆ ನಲವತ್ತೂ ದಕ್ಕುತ್ತವೆ.

ನಿಜವಾದ ತೊಡಕು ಹಣದ್ದಲ್ಲ, ನಲವತ್ತು ಒಳ್ಳೆಯ ಪುಸ್ತಕಗಳನ್ನು ಒಟ್ಟುಮಾಡುವುದು. ಕನ್ನಡದಲ್ಲಿ ವಿಜ್ಞಾನ ಕಥೆ ಹೊಸದೇನಲ್ಲ. ರಾಜಶೇಖರ ಭೂಸನೂರಮಠರಂಥವರು ದಶಕಗಳ ಹಿಂದೆಯೇ ಅದಕ್ಕೆ ಓದುಗರನ್ನು ಕಟ್ಟಿದ್ದರು. ಆದರೆ ಹಳೆಯ ಪುಸ್ತಕಗಳಲ್ಲಿ ಹಲವು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಐನೂರು, ಸಾವಿರ ಪ್ರತಿ ಅಚ್ಚು ಹಾಕುವ ಪ್ರಕಾಶಕರು ಮರುಮುದ್ರಣಕ್ಕೆ ಧೈರ್ಯ ಮಾಡಲಾರರು. ಇಲ್ಲೇ ತಮ್ಮ ಇಲಾಖೆಯ ಬಲ ಇರುವುದು. ಹದಿನಾರು ಪುಟಕ್ಕೆ ಒಂದು ಫಾರಂ, 160 ಪುಟದ ಪುಸ್ತಕ ಎಂದರೆ ಹತ್ತು ಫಾರಂ. ಪ್ಲೇಟು ಮಾಡಿ ಯಂತ್ರಕ್ಕೆ ಹೊಂದಿಸುವ ಖರ್ಚು 500 ಪ್ರತಿಗಾದರೂ 6,000 ಪ್ರತಿಗಾದರೂ ಬಹುತೇಕ ಒಂದೇ. ಆರು ಸಾವಿರ ಪ್ರತಿಯ ಖಚಿತ ಬೇಡಿಕೆ ಮುಂಚಿತವಾಗಿ ಇದೆ ಎಂದಾದರೆ, ಲೇಖಕರಿಗೆ ಅಥವಾ ವಾರಸುದಾರರಿಗೆ ನ್ಯಾಯವಾದ ಗೌರವಧನ ಕೊಟ್ಟೂ ಪುಸ್ತಕ ಅಗ್ಗವಾಗಿ ಬರುತ್ತದೆ.

ಮರುಮುದ್ರಣಕ್ಕೆ ಹಳೆಯ ಡಿಟಿಪಿ ಕಡತ (ಕಂಪ್ಯೂಟರಿನಲ್ಲಿ ಜೋಡಿಸಿದ ಪುಟಗಳು) ಸಿಕ್ಕರೂ ಹುಷಾರಾಗಿರಬೇಕು. ಅವು ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿರುತ್ತವೆ. ಪರಿವರ್ತಕದಲ್ಲಿ ಹಾಕಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರ ಮಾಯವಾಗುತ್ತವೆ. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಹಾಕಿದರೆ ಥ-ಧ, ಪ-ಷ ಅದಲುಬದಲಾಗುತ್ತವೆ, ಅನುಸ್ವಾರ ಸೊನ್ನೆಯಾಗುತ್ತದೆ. ಎರಡರಲ್ಲೂ ಮನುಷ್ಯರೇ ಕುಳಿತು ಕರಡು ತಿದ್ದಬೇಕು, ಅದರ ಸಂಭಾವನೆ ಅಂದಾಜುಪಟ್ಟಿಯಲ್ಲಿ ಮೊದಲೇ ಇರಬೇಕು.

ಅನುವಾದಕ್ಕೂ ದಾರಿ ಇದೆ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ ಅರವತ್ತು ವರ್ಷ. 1905ರಲ್ಲಿ ತೀರಿಕೊಂಡ ಜೂಲ್ಸ್ ವರ್ನ್, 1946ರಲ್ಲಿ ತೀರಿಕೊಂಡ ಎಚ್.ಜಿ. ವೆಲ್ಸ್ ಇಬ್ಬರ ಮೂಲ ಕೃತಿಗಳಿಗೂ ಈಗ ಯಾರ ಅನುಮತಿಯೂ ಬೇಕಿಲ್ಲ. ಆದರೆ ಅವರ ಹಳೆಯ ಕನ್ನಡ ಅನುವಾದಗಳಿಗೆ ಅನುವಾದಕರ ಸ್ವಾಮ್ಯ ಬೇರೆ ಇರುತ್ತದೆ, ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಹೊಸ ಅನುವಾದಗಳನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕೂ ಮರುಮುದ್ರಣಗಳನ್ನು ಕನ್ನಡ ಪುಸ್ತಕ ಪ್ರಾಧಿಕಾರಕ್ಕೂ ವಹಿಸುವಂತೆ ತಾವು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ಕೋರಬಹುದು. ಅನುವಾದಕರಿಗೆ ಎರಡು ಸೂಚನೆ ಹೋಗಲಿ. ಗುರುತ್ವ, ಕಕ್ಷೆ, ವೇಗೋತ್ಕರ್ಷ (ವೇಗ ಬದಲಾಗುವ ದರ) ಮುಂತಾದ ಪದಗಳು ಶಾಲೆಯ ಪಠ್ಯದಲ್ಲಿ ಇರುವಂತೆಯೇ ಇರಬೇಕು. ‘ಮಕ್ಕಳಿಗಾಗಿ ಸಂಗ್ರಹ’ ಎಂದು ಕತ್ತರಿ ಹಾಕುವಾಗ ಸಾಹಸ ಉಳಿಸಿ ತರ್ಕ ಬಿಡುವುದು ಬೇಡ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುವ ಎರಡು ಪುಟವನ್ನೇ ಈ ವಯಸ್ಸಿನವರು ಮತ್ತೆ ಮತ್ತೆ ಓದುವುದು.

ಪುಸ್ತಕ ಬಂದ ಮೇಲೆ ವಾರಕ್ಕೊಂದು ಸಂಜೆ, ಶಾಲೆ ಬಿಟ್ಟ ನಂತರ, ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ ಇಪ್ಪತ್ತು ನಿಮಿಷ ಮಾತಾಡಿಸಿದರೆ ಸಾಕು. ದೊಡ್ಡ ಫಿರಂಗಿಯಿಂದ ಮನುಷ್ಯರನ್ನು ಚಂದ್ರನತ್ತ ಹಾರಿಸುವ ಕಥೆ ಎಂದಿಟ್ಟುಕೊಳ್ಳಿ. ಭೂಮಿಯಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ನಳಿಗೆ 300 ಮೀಟರ್ ಉದ್ದವಿದ್ದರೆ, ಒಂಬತ್ತನೇ ತರಗತಿಯಲ್ಲಿ ಕಲಿಯುವ ಚಲನೆಯ ಮೂರನೇ ಸಮೀಕರಣದಿಂದಲೇ (v² = u² + 2as) ಒಳಗಿರುವವರ ಮೇಲಿನ ವೇಗೋತ್ಕರ್ಷ ತೆಗೆಯಬಹುದು: ಗುರುತ್ವದ ಇಪ್ಪತ್ತೊಂದು ಸಾವಿರ ಪಟ್ಟು. ಅಂದರೆ ಹೊರಡುವ ಮೊದಲೇ ಪ್ರಯಾಣಿಕರು ಸತ್ತಿರುತ್ತಾರೆ! ಹಾಗಾದರೆ ನಳಿಗೆ ಎಷ್ಟು ಉದ್ದವಿದ್ದರೆ ಬದುಕಿಯಾರು? ಈ ಪ್ರಶ್ನೆ ಕೇಳಿದ ಮೇಲೆ ಮಕ್ಕಳನ್ನು ಕಪ್ಪುಹಲಗೆಯ ಹತ್ತಿರ ಕರೆಯಬೇಕಾಗುವುದಿಲ್ಲ, ಅವರೇ ಬರುತ್ತಾರೆ. ಅದೃಶ್ಯನಾದವನ ಕಥೆಯಲ್ಲಿ, ಬೆಳಕು ಅವನ ರೆಟಿನಾದಲ್ಲೂ ನಿಲ್ಲದೆ ದಾಟಿ ಹೋದರೆ ಅವನಿಗೆ ಕಣ್ಣು ಕಾಣುವುದು ಹೇಗೆ ಎಂದು ಕೇಳಿ ನೋಡಲಿ. ಇದಕ್ಕೆ ಮೇಲ್ವಿಚಾರಕರು ವಿಜ್ಞಾನ ಪದವೀಧರರಾಗಬೇಕಿಲ್ಲ. ಪ್ರತಿ ಪುಸ್ತಕದ ಕೊನೆಯಲ್ಲಿ ಇಂಥ ಐದು ಪ್ರಶ್ನೆಗಳೂ ಲೆಕ್ಕದ ದಾರಿಯೂ ಇರುವ ಒಂದು ಹಾಳೆ ಅಂಟಿಸಿದರೆ ಆಯಿತು.

ಡಿಜಿಟಲ್ ಪ್ರತಿಗಳೂ ಬರಲಿ, ಆದರೆ ಅವು ಅಚ್ಚಿನ ಬದಲಿಗಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟ ಮೊಬೈಲಿನಲ್ಲಿ ಓದಲು ಆಗುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಹೊಂದಿಕೊಳ್ಳುವ ಇ-ಪಬ್ ರೂಪದಲ್ಲೇ ಮಾಡಿಸಬೇಕು.

ಹಕ್ಕುಸ್ವಾಮ್ಯದ ಪತ್ರವ್ಯವಹಾರ, ಕರಡು ತಿದ್ದುವಿಕೆ, ಹೊಲಿಗೆ ಎಲ್ಲಕ್ಕೂ ಸಮಯ ಹಿಡಿಯುವುದರಿಂದ, ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಪುಸ್ತಕ ರ್ಯಾಕಿನಲ್ಲಿರಬೇಕಾದರೆ ಹಿಂದಿನ ವರ್ಷದ ಆಗಸ್ಟ್ ಒಳಗೆ ಆಯ್ಕೆಯ ಪಟ್ಟಿ ಅಂತಿಮವಾಗಬೇಕು. ಆಯ್ಕೆ ಸಮಿತಿಯಲ್ಲಿ ಒಬ್ಬ ಮೇಲ್ವಿಚಾರಕರು, ಒಬ್ಬ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಕಡ್ಡಾಯವಾಗಿ ಇರಲಿ ಎಂಬುದು ನಮ್ಮ ವಿನಂತಿ. ಪಟ್ಟಿಯ ಕರಡು ಮತ್ತು ಪ್ರಶ್ನೆಗಳ ಹಾಳೆಗಳನ್ನು ಯಾವ ಸಂಭಾವನೆಯೂ ಇಲ್ಲದೆ ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ. ತಮ್ಮ ಇಲಾಖೆ ಕರೆದ ದಿನ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಂಥಾಲಯ ಮತ್ತು ಪುಸ್ತಕದ ಕೆಲಸದಲ್ಲಿರುವ ಕೆಲವರು