ಗೋಡೆ ಅಳೆದಿರಿ, ಸಾಮಾನು ಅಳೆಯಲಿಲ್ಲ: ಶೆಲ್ಫ್ ಕೆಲಸದ ಬಗ್ಗೆ ದೂರು

ಇವರಿಂದ:
ನಿಮ್ಮ ಗ್ರಾಹಕಿ,
ಕ್ಯಾತ್ಸಂದ್ರ, ತುಮಕೂರು

ಇವರಿಗೆ:
ವ್ಯವಸ್ಥಾಪಕರು,
ಇಂಟೀರಿಯರ್ ವಿಭಾಗ,
ಬಿ.ಎಚ್. ರಸ್ತೆ ಶೋರೂಂ, ತುಮಕೂರು

ದಿನಾಂಕ: 21-06-2025

ವಿಷಯ: ಗೋಡೆ ಶೆಲ್ಫನ್ನು ನಾನು ಕೊಟ್ಟ ಅಳತೆಯಂತೆ ಮಾಡದೆ ಇರುವುದು ಮತ್ತು ಬಿಲ್ಲಿನಲ್ಲಿ ಬರೆದ ಹಲಗೆ ಹಾಕದೆ ಇರುವುದು

ಮಾನ್ಯರೇ,

ನಮ್ಮ ಮನೆಯ ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆಗೆ ಶೆಲ್ಫ್ ಮಾಡಿಕೊಡಲು ಶಿವರಾತ್ರಿ ಕಳೆದ ಮೇಲೆ ನಿಮ್ಮಲ್ಲಿ ಆರ್ಡರ್ ಕೊಟ್ಟಿದ್ದೆ. ಯುಗಾದಿ ಆಗಿ ಒಂದು ವಾರಕ್ಕೆ ಕೆಲಸ ಮುಗಿಯಿತು. ಒಟ್ಟು 1,46,000 ರೂಪಾಯಿಯಲ್ಲಿ 1,34,000 ಕೊಟ್ಟಿದ್ದೇನೆ. ಉಳಿದ 12,000ಕ್ಕೆ ನಿಮ್ಮ ಹುಡುಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಶೆಲ್ಫ್ ಸರಿಯಿಲ್ಲ ಅಂತ ನಾನು ಮಾಡಿದ ಫೋನಿಗೆ ಮಾತ್ರ ಎರಡು ತಿಂಗಳಿಂದ ಯಾರೂ ಬಂದಿಲ್ಲ. ಅದಕ್ಕೇ ಈ ಪತ್ರ.

ಆರ್ಡರ್ ಕೊಡುವ ಮುಂಚೆ ನಾನು ಎರಡು ಭಾನುವಾರ ಟೇಪ್ ಹಿಡಿದು ಕೂತಿದ್ದೆ. ಮನೆಯ ಸಾಮಾನನ್ನೆಲ್ಲ ನೆಲಕ್ಕೆ ಇಳಿಸಿ, ಎತ್ತರದ ಪ್ರಕಾರ ಗುಂಪು ಮಾಡಿ, ಒಂದೊಂದರ ಎತ್ತರ, ಅಗಲ, ಆಳ ಬರೆದೆ. ಅಕ್ಕಿ ಡಬ್ಬ 16 ಇಂಚು. ರಾಗಿ ಹಿಟ್ಟಿನ ಡಬ್ಬ 15. ಜಾರ್ ಸಮೇತ ಮಿಕ್ಸಿ 18. ಉಪ್ಪಿನಕಾಯಿ ಜಾಡಿ 11. ಮಸಾಲೆ ಡಬ್ಬಗಳು 5. ಕಾದಂಬರಿ, ಕಥೆ ಪುಸ್ತಕಗಳು ಎಂಟೂವರೆ. ಬೈಂಡ್ ಮಾಡಿಸಿದ ವಾರಪತ್ರಿಕೆಗಳು 11. ಪಹಣಿ, ಖಾತೆ ಪತ್ರ ಇಡುವ ಬಾಕ್ಸ್ ಫೈಲ್ 14. ನಮ್ಮ ಮಾವನವರ ಹಾರ್ಮೋನಿಯಂ 24 ಇಂಚು ಉದ್ದ, 14 ಇಂಚು ಆಳ, 11 ಇಂಚು ಎತ್ತರ. (ಅವರು ಗುಬ್ಬಿ ಕಡೆಯವರು. ಆ ಕಡೆ ನಾಟಕದ ಹುಚ್ಚಿನ ಮನೆಯಲ್ಲಿ ಹಾರ್ಮೋನಿಯಂ ಇರುವುದು ಹೊಸದೇನಲ್ಲ.) ಈ ಪಟ್ಟಿಯನ್ನು ನಿಮ್ಮ ಡಿಸೈನರ್ ಕೈಗೇ ಕೊಟ್ಟೆ. ಅವರು ಅದನ್ನು ಮಡಚಿ ಡೈರಿಯಲ್ಲಿ ಇಟ್ಟುಕೊಂಡರು. ಆಮೇಲೆ ತೆಗೆದು ನೋಡಿದ ಹಾಗೆ ಕಾಣಲಿಲ್ಲ.

ಯಾಕೆ ಅಂದರೆ, ನೀವು ಮಾಡಿಕೊಟ್ಟಿದ್ದು ಏನು? 84 ಇಂಚು ಎತ್ತರವನ್ನು ಆರು ಪಾಲು ಮಾಡಿದ್ದೀರಿ. ಮೂರು ಸಾಲು, ಸಾಲಿಗೆ ಆರು ಖಾನೆ, ಹಲಗೆಯ ದಪ್ಪ ಕಳೆದು ಎಲ್ಲ 13 ಇಂಚು ಎತ್ತರ. ಆಳ ಎಲ್ಲ ಕಡೆ 12 ಇಂಚು. ಹದಿನೆಂಟು ಖಾನೆಗಳೂ ಅವಳಿ ಮಕ್ಕಳ ಹಾಗೆ ಒಂದೇ ಥರ.

ಈಗ ಅಡುಗೆಮನೆ ಕಡೆಯ ಸಾಲು ನೋಡಿ. ಅಕ್ಕಿ ಡಬ್ಬ ಹಿಡಿಸುವುದಿಲ್ಲ. ರಾಗಿ ಹಿಟ್ಟಿನ ಡಬ್ಬ ಎರಡು ಇಂಚಿಗೆ ತಪ್ಪಿತು. ಮಿಕ್ಸಿಯ ಮಾತೇ ಬೇಡ. ಮೂರೂ ನೆಲದ ಮೇಲೆ ಕೂತಿವೆ, ಅತ್ತೆ ದಿನಕ್ಕೆ ಹತ್ತು ಸಲ ಬಗ್ಗುತ್ತಾರೆ. ಅತ್ತ 5 ಇಂಚಿನ ಮಸಾಲೆ ಡಬ್ಬಗಳ ಮೇಲೆ 8 ಇಂಚು ಬರೀ ಗಾಳಿ. ಜಾಗ ಹಾಳು ಮಾಡಬಾರದು ಅಂತ ಒಂದರ ಮೇಲೊಂದು ಪೇರಿಸಿದ್ದೇವೆ. ಒಗ್ಗರಣೆಗೆ ಎಣ್ಣೆ ಕಾದು ಹೊಗೆ ಬರುತ್ತಿರುತ್ತದೆ, ಜೀರಿಗೆ ಡಬ್ಬ ಕೆಳಗಿರುತ್ತದೆ, ಮೇಲಿನದನ್ನು ಎತ್ತಿ ಪಕ್ಕಕ್ಕಿಡುವ ಹೊತ್ತಿಗೆ ಸಾಸಿವೆ ಕರಿ.

ಪುಸ್ತಕದ ಸಾಲಿನಲ್ಲೂ ಇದೇ ಕಥೆ. ಎಂಟೂವರೆ ಇಂಚಿನ ಪುಸ್ತಕಕ್ಕೆ 10 ಇಂಚಿನ ಖಾನೆ ಧಾರಾಳ ಸಾಕು, ಬೆರಳು ಹಾಕಿ ಎಳೆಯುವುದಕ್ಕೂ ಜಾಗ ಇರುತ್ತದೆ. ನಾನು ಬರೆದುಕೊಟ್ಟಿದ್ದು ಹೀಗೆ: 10 ಇಂಚಿನ ಐದು ಖಾನೆ, ವಾರಪತ್ರಿಕೆಗೆ ಹನ್ನೆರಡೂವರೆ ಇಂಚಿನದು ಒಂದು, ಫೈಲುಗಳಿಗೆ ಕೆಳಗಡೆ 15 ಇಂಚಿನದು ಒಂದು. ಹಲಗೆಗಳ ದಪ್ಪ ಸೇರಿಸಿದರೂ 84 ಇಂಚಿನ ಒಳಗೇ ಬರುತ್ತದೆ, ಕೂಡಿ ನೋಡಿ. ಅಂದರೆ ಅದೇ ಗೋಡೆಯಲ್ಲಿ ಆರರ ಬದಲು ಏಳು ಖಾನೆ. ಈಗ ಒಂದು ಖಾನೆ ಕಮ್ಮಿ, ಮೇಲಾಗಿ ಫೈಲುಗಳು ನಿಲ್ಲದೆ ಮಲಗಿವೆ. ಕಂದಾಯದ ರಸೀದಿ ಬೇಕಾದರೆ ಇಡೀ ರಾಶಿ ಕೆಳಗಿಳಿಸಬೇಕು.

ಹಾರ್ಮೋನಿಯಂ ಎರಡು ಇಂಚು ಹೊರಗೆ ಚಾಚಿಕೊಂಡಿದೆ. ಬಾಗಿಲು ಒತ್ತಿ ಹಾಕಲು ಹೋದರೆ ತಿದಿ ಒಳಗೆ ಹೋಗಿ ಅದು ಉಸ್ ಅನ್ನುತ್ತದೆ. ಕೆಳಗಿನ ಖಾನೆಗೆ ಆಳ 16 ಇಂಚು ಇರಲಿ ಅಂತ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಕೆಲಸ ನಡೆಯುವಾಗಲೇ ಇದನ್ನು ಕೇಳಿದೆ. 'ಎಲ್ಲ ಸಮ ಇದ್ರೆ ನೋಡೋಕೆ ಲುಕ್ ಬರುತ್ತೆ ಮೇಡಂ' ಅಂದರು ನಿಮ್ಮವರು. ಕಂಪ್ಯೂಟರ್‌ನಲ್ಲಿ ತೋರಿಸಿದ ಚಿತ್ರದಲ್ಲಿ ನಿಜವಾಗಿಯೂ ಲುಕ್ ಇತ್ತು. ಒಂದು ಹೂಜಿ, ಮಲಗಿಸಿದ ಎರಡು ಪುಸ್ತಕ, ಒಂದು ಪುಟ್ಟ ಗಿಡ. ಆ ಚಿತ್ರದ ಮನೆಯಲ್ಲಿ ಯಾರೂ ಮುದ್ದೆ ತೊಳಸುವುದಿಲ್ಲ, ಅಲ್ವಾ? 'ಆಮೇಲೆ ಬೇಕಾದ ಹಾಗೆ ಹಲಗೆ ಮೇಲೆ ಕೆಳಗೆ ಮಾಡ್ಕೋಬಹುದು' ಅಂತಲೂ ಹೇಳಿದ್ದರು, ಕೊಟೇಶನ್‌ನಲ್ಲೂ ಹಾಗೇ ಬರೆದಿದೆ. ಹಾಗೆ ಮಾಡಬೇಕಾದರೆ ಪಕ್ಕದ ಹಲಗೆಗಳಲ್ಲಿ 32 ಮಿ.ಮೀ.ಗೆ ಒಂದರಂತೆ 5 ಮಿ.ಮೀ. ತೂತಿನ ಸಾಲು ಕೊರೆದು, ಪಿನ್ ಮೇಲೆ ಹಲಗೆ ಕೂರಿಸಬೇಕು. ಮಾಡ್ಯುಲರ್ ಕೆಲಸದಲ್ಲಿ ಇದು ಮಾಮೂಲಿ ಪದ್ಧತಿ, ನಿಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮಲ್ಲಿ ಒಂದು ತೂತೂ ಇಲ್ಲ. ಎಲ್ಲಕ್ಕೂ ಸ್ಕ್ರೂ ಹೊಡೆದು ಬಿಗಿ ಮಾಡಿದ್ದಾರೆ.

ಇನ್ನು ಹಲಗೆಯ ವಿಚಾರ. ಬಿಲ್ಲಿನಲ್ಲಿ 'ಐ.ಎಸ್. 710, 18 ಮಿ.ಮೀ. ಪ್ಲೈವುಡ್' ಅಂತ ಇದೆ, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್. ಪುಸ್ತಕದ ಸಾಲಿನ ಒಂದು ಖಾನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟ ಜೋಡಿಸಿದ್ದೆ. ಒಂದು ತಿಂಗಳಿಗೆ ಹಲಗೆ ಬಗ್ಗಿತು. ಈ ತುದಿಯಿಂದ ಆ ತುದಿಗೆ ದಾರ ಎಳೆದು ನೋಡಿದೆ, ನಡುವೆ ಹೆಚ್ಚುಕಮ್ಮಿ 10 ಮಿ.ಮೀ. ಇಳಿದಿದೆ. ಅದರ ಮೂಲೆಯಲ್ಲಿ ಅಂಚಿನ ಪಟ್ಟಿ ಎದ್ದಿತ್ತು, ಉಗುರಿನಲ್ಲಿ ಸ್ವಲ್ಪ ಎಬ್ಬಿಸಿದೆ. ಪ್ಲೈವುಡ್ ಆಗಿದ್ದರೆ ಪದರ ಪದರ ಕಾಣಬೇಕು. ಇಲ್ಲಿ ಕಂಡಿದ್ದು ಬನ್ಸಿ ರವೆಯಂಥ ಹರಳು ಹರಳು ಪುಡಿ, ಕೈಗೂ ಉದುರಿತು. ಅದು ಪಾರ್ಟಿಕಲ್ ಬೋರ್ಡ್, ಮರದ ಚೂರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಅದೂ ಒಂದು ಸಾಮಾನೇ, ಬೈಯುವುದಿಲ್ಲ, ಹಗುರ ವಸ್ತುಗಳಿಗೆ ಸಾಕು. ಆದರೆ ಪ್ಲೈವುಡ್ ದುಡ್ಡು ತೆಗೆದುಕೊಂಡು ಅದನ್ನು ಹಾಕಬಾರದು. ಮೂರು ಅಡಿ ಉದ್ದದ ಹಲಗೆಗೆ ನಡುವೆ ಆಸರೆ ಇಲ್ಲದೆ ಪುಸ್ತಕದ ಭಾರ ಹೊರಿಸಲಂತೂ ಬಾರದು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಲೆಕ್ಕ ಹಾಕಿ ಹೇಳಿದ: ಅದೇ ಹಲಗೆ, ಅಡಿಗೆ ಅಷ್ಟೇ ಭಾರ, ಉದ್ದ ಮಾತ್ರ ಅರ್ಧ ಆದರೆ ಬಗ್ಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದಂತೆ. ನಡುವೆ ಒಂದೇ ಒಂದು ನಿಲುವು ಹಲಗೆ ಕೊಟ್ಟಿದ್ದರೆ ಆಗುತ್ತಿತ್ತು.

ನಾನು ಕೇಳುವುದು ಜಾಸ್ತಿ ಏನಲ್ಲ. ಪುಸ್ತಕದ ಸಾಲನ್ನು ಬಿಚ್ಚಿ, ಬಿಲ್ಲಿನಲ್ಲಿ ಬರೆದ ಪ್ಲೈವುಡ್‌ನಲ್ಲೇ, ನನ್ನ ಪಟ್ಟಿಯಂತೆ ಏಳು ಖಾನೆ ಮಾಡಿ, ನಡುವೆ ನಿಲುವು ಕೊಡಿ. ಹಾರ್ಮೋನಿಯಂ ಇಡುವ ಖಾನೆಯ ಆಳ 16 ಇಂಚಿಗೆ ಬರಲಿ. ಉಳಿದ ಎರಡು ಸಾಲುಗಳಲ್ಲಿ ಸ್ಕ್ರೂ ತೆಗೆದು, ತೂತಿನ ಸಾಲು ಕೊರೆದು, ಪಿನ್ ಹಾಕಿಕೊಡಿ. ಹಲಗೆ ಎಲ್ಲೆಲ್ಲಿ ಕೂರಬೇಕು ಅಂತ ನಾವೇ ನೋಡಿಕೊಳ್ಳುತ್ತೇವೆ. ಆ ಎರಡು ಸಾಲಿನಲ್ಲೂ ಹಾಕಿರುವುದು ಪಾರ್ಟಿಕಲ್ ಬೋರ್ಡೇ ಆಗಿದ್ದರೆ, ಪ್ಲೈವುಡ್‌ಗೂ ಅದಕ್ಕೂ ಇರುವ ಬೆಲೆಯ ವ್ಯತ್ಯಾಸ ಬರೆದು ಕೊಡಿ, ಬಾಕಿಯಲ್ಲಿ ಮುರಿದುಕೊಳ್ಳುತ್ತೇನೆ. ಕೆಲಸ ಮುಗಿದ ದಿನವೇ ಉಳಿದ ಹಣ ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಆ ಹುಡುಗನಿಗೆ ಸುಮ್ನೆ ಫೋನ್ ಮಾಡಿಸಬೇಡಿ, ಅವನ ತಪ್ಪೇನೂ ಇಲ್ಲ.

ಪತ್ರ ತಲುಪಿದ 15 ದಿನದೊಳಗೆ ಯಾರೂ ಬಾರದಿದ್ದರೆ 1915 ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಬರುವವರು ಮುಂಚೆ ಫೋನ್ ಮಾಡಲಿ. ಮಧ್ಯಾಹ್ನ ಅತ್ತೆ ಮಲಗಿರುತ್ತಾರೆ, ನಾಲ್ಕರ ಮೇಲೆ ಬಂದರೆ ಒಳ್ಳೆಯದು. ಪಟ್ಟಿಯ ಇನ್ನೊಂದು ಪ್ರತಿ, ಬಿಲ್ಲು, ಕೊಟೇಶನ್, ಬಗ್ಗಿದ ಹಲಗೆಯ ಫೋಟೋ ಇದರ ಜೊತೆ ಇಟ್ಟಿದ್ದೇನೆ. ಈ ಸಲ ಪಟ್ಟಿಯನ್ನು ಡಿಸೈನರ್‌ಗೆ ಕೊಡದೆ ಹಲಗೆ ಕುಯ್ಯುವವರ ಕೈಗೇ ಕೊಡಿ.

ಇತಿ,
ನಿಮ್ಮ ಗ್ರಾಹಕಿ