ಒಂದೇ ದೋಣಿಗೆ ಎರಡು ಗಾಳಿ

ಗ್ರೀನಿಚ್, ಲಂಡನ್

ಪ್ರೀತಿಯ ತಮ್ಮಾ,

ಆಯಿಗೂ ಅಪ್ಪನಿಗೂ ನನ್ನ ನಮಸ್ಕಾರ ಹೇಳು. ನೀ ಕಳಿಸಿದ ನಮ್ಮ ಕಾರವಾರದ ಬೈತಖೋಲ ಬಂದರಿನ ಚಿತ್ರ ನೋಡಿದೆ. ನೀರಿನ ಬಣ್ಣ ಚೆನ್ನಾಗಿ ಬಂದಿದೆ. ಆದರೆ ಮಚವೆಯ ಹಾಯಿ ಬಲಕ್ಕೆ ಉಬ್ಬಿದೆ, ಬಾವುಟ ಎಡಕ್ಕೆ ಹಾರುತ್ತಿದೆ. ಒಂದೇ ದೋಣಿಗೆ ಎರಡು ಗಾಳಿ! ಅಪ್ಪನ ಕಣ್ಣಿಗೆ ಇದು ಬೀಳಲಿಲ್ಲ ಅಂದರೆ ನಾನು ನಂಬೋದಿಲ್ಲ.

ಬರೆಯೋ ಮೊದಲು ಗಾಳಿ ಯಾವ ಕಡೆಯದು ಅಂತ ಗೊತ್ತುಮಾಡಿ, ಹಾಳೆಯ ಮೂಲೆಯಲ್ಲಿ ಪೆನ್ಸಿಲಿನ ಬಾಣ ಹಾಕಿಟ್ಟುಕೋ. ಹಾಯಿ, ಬಾವುಟ, ತೆರೆಯ ತಲೆಯ ನೊರೆ ಎಲ್ಲ ಅದಕ್ಕೆ ಒಪ್ಪಬೇಕು. ಬೆನ್ನ ಹಿಂದಿನ ಗಾಳಿಯಲ್ಲಿ ಹಾಯಿಹಡಗು ಓಡುವಾಗ ಬಾವುಟ ಮುಂದಕ್ಕೇ ಹಾರುತ್ತದೆ. ಎಂಜಿನ್ ಬೋಟು ಗಾಳಿಯನ್ನೂ ಮೀರಿ ಓಡಿದರೆ ಮಾತ್ರ ಹಿಂದಕ್ಕೆ ತಿರುಗುತ್ತದೆ.

ಇನ್ನು ದಿಗಂತ. ಆ ಗೆರೆ ಯಾವಾಗಲೂ ನೋಡುವವನ ಕಣ್ಣಿನ ಎತ್ತರಕ್ಕಿರುತ್ತದೆ. ಮರಳ ಮೇಲೆ ನಿಂತಾಗ ನಿನ್ನ ಕಣ್ಣು ನೀರಿನಿಂದ ಎರಡು ಮೀಟರ್ ಮೇಲಿದ್ದರೆ, ಹತ್ತಿರದ ಬೋಟಾಗಲಿ ದೂರದ್ದಾಗಲಿ, ಗೆರೆ ಅದನ್ನು ನೀರಿಂದ ಎರಡು ಮೀಟರ್ ಎತ್ತರದಲ್ಲೇ ಹಾಯುತ್ತದೆ. ನಿನ್ನ ಪರ್ಸೀನ್ ಮೀನುಗಾರಿಕೆ ಬೋಟಿನ ಅಂಚು ದಿಗಂತಕ್ಕಿಂತ ಮೇಲಿದೆ, ಆದರೂ ಒಳಗಿನ ಬಲೆಯೆಲ್ಲ ಕಾಣುತ್ತಿದೆ! ದಡದಲ್ಲಿ ನಿಂತು ಬೋಟು ಬರೆದೆ, ಬಲೆ ಮಾತ್ರ ಸದಾಶಿವಗಡದ ಗುಡ್ಡ ಹತ್ತಿ ಬರೆದ ಹಾಗಿದೆ.

ಇಲ್ಲಿಯ ಕ್ವೀನ್ಸ್ ಹೌಸ್ ಅನ್ನೋ ಹಳೆಯ ಅರಮನೆಯಲ್ಲಿ ವಿಲ್ಲೆಮ್ ವಾನ್ ಡೆ ವೆಲ್ಡೆ ಅನ್ನೋ ಒಂದೇ ಹೆಸರಿನ ಡಚ್ ಚಿತ್ರಕಾರ ಅಪ್ಪ-ಮಗ ಕೆಲಸ ಮಾಡುತ್ತಿದ್ದರು. ರಾಜ ಎರಡನೇ ಚಾರ್ಲ್ಸ್ 1674ರಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 100 ಪೌಂಡ್ ಗೊತ್ತುಮಾಡಿದ. ಕಡಲ ಕಾಳಗದ ಗೆರೆಚಿತ್ರ ಅಪ್ಪನ ಪಾಲು, ಅದಕ್ಕೆ ಬಣ್ಣ ಮಗನ ಪಾಲು. ಡಚ್ಚರ ಕಾಳಗಗಳನ್ನು ಅಪ್ಪ ಸಣ್ಣ ಹಡಗಲ್ಲಿ ಹತ್ತಿರ ಹೋಗಿ ನೋಡಿ ಬರೆದವನು. ಗೆರೆಗೂ ಬಣ್ಣದಷ್ಟೇ ಸಂಬಳ, ನೋಡು. ಇಂಗ್ಲಿಷ್ ಚಿತ್ರಕಾರ ಟರ್ನರ್ 1839ರಲ್ಲಿ ತೋರಿಸಿದ 'ಟೆಮೆರೇರ್' ಚಿತ್ರದಲ್ಲಿ ಹಳೆಯ ಯುದ್ಧನೌಕೆಯೊಂದನ್ನು ಒಡೆಯೋಕೆ ಎಳೆದೊಯ್ಯುತ್ತಾರೆ. ಅದರಲ್ಲಿ ಅವನು ಆಗಲೇ ಕಳಚಿದ್ದ ಪಟಸ್ತಂಭಗಳನ್ನು ಮತ್ತೆ ನಿಲ್ಲಿಸಿದ, ಎಳೆಯುವ ಎರಡು ಬೋಟಿನಲ್ಲಿ ಒಂದನ್ನು ಬಿಟ್ಟ. ಅವನಿಗೆ ನಡೀತದೆ. ನಿನಗೆ ಸದ್ಯಕ್ಕೆ ಬೇಡ.

ಹಗ್ಗದ ಲೆಕ್ಕ ಕೇಳು. ಹತ್ತು ಮೀಟರಿನ ಮಚವೆಯನ್ನು ಹತ್ತು ಸೆಂ.ಮೀ.ಗೆ ಇಳಿಸಿದರೆ ಎರಡು ಸೆಂ.ಮೀ. ದಪ್ಪದ ಹಗ್ಗ 0.2 ಮಿ.ಮೀ. ಆಗಬೇಕು. ನಿನ್ನದು ಎರಡು ಮಿ.ಮೀ. ಇದೆ, ಅಂದರೆ ಅಡಿಕೆ ಮರದಷ್ಟು ದಪ್ಪ. ರಿಗ್ಗರ್ ಅನ್ನೋ ಉದ್ದ ಕೂದಲಿನ ಕುಂಚ ತಗೋ, ಹಡಗಿನ ಹಗ್ಗ ಬರೆಯೋದರಿಂದಲೇ ಅದಕ್ಕೆ ಆ ಹೆಸರು. ಬಣ್ಣ ಶಾಯಿಯಷ್ಟು ತೆಳುವಾಗಲಿ, ಕೆಳಗಿನ ಪದರ ಪೂರ್ತಿ ಒಣಗಿರಲಿ, ಮಣಿಕಟ್ಟು ಆಡಿಸದೆ ಇಡೀ ತೋಳಿಂದ ಒಂದೇ ಎಳೆತದಲ್ಲಿ ಎಳೆ. ಮಧ್ಯೆ ನಿಲ್ಲಿಸಿದರೆ ಅಲ್ಲೊಂದು ಗಂಟು ಬೀಳುತ್ತದೆ. ನಮ್ಮಲ್ಲಿಯ ಮಳೆಗಾಲದಲ್ಲಿ ಎಣ್ಣೆಬಣ್ಣ ಬೇಗ ಒಣಗೋದಿಲ್ಲ. ಕ್ಯಾನ್ವಾಸನ್ನು ಗೋಡೆಗೆ ತಾಗಿಸಿಡಬೇಡ, ಬೆನ್ನಿಗೆ ಬೂಷ್ಟು ಹಿಡಿಯುತ್ತದೆ.

ಹಡಗಿನ ಮೈಯ ಬಾಗು ಕಲಿಯೋಕೆ ಟಾಗೋರ್ ಕಡಲತೀರದಲ್ಲಿ ನೆಲದ ಮೇಲೆ ನಿಲ್ಲಿಸಿರೋ ಚಪಲ್ ಯುದ್ಧನೌಕೆ ಇದ್ದೇ ಇದೆ. ಕಡಲಲ್ಲಿದ್ದಾಗ ನೀರಲ್ಲಿ ಮುಳುಗಿರುವ ಭಾಗವೂ ಅಲ್ಲಿ ಕಣ್ಣಿಗೆ ಸಿಗುತ್ತದೆ. ಎದುರಿನಿಂದ ಒಂದು, ಓರೆಯಿಂದ ಒಂದು, ಪೆನ್ಸಿಲಿನಲ್ಲೇ ಬರೆದು ಫೋಟೋ ಕಳಿಸು. ಮೂಲೆಯ ಬಾಣ ಅಳಿಸಬೇಡ.

ನಿನ್ನ ಅಕ್ಕ