ದೋಸ್ತಾ, ಆ ಎಮ್ಮೆ ಎಲ್ಲಿ ಕಟ್ಟಬೇಕಿತ್ತು ಹೇಳು

ದೋಸ್ತಾ,

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ 2021ರಲ್ಲಿ ಊರಿಗೆ ಹೊಳೆ ನುಗ್ಗಿದ ಫೋಟೋ ಹಾಕಿದ್ದರು. ಅದರ ಕೆಳಗೆ ನೀನು ಬರೆದದ್ದನ್ನು ಓದಿದೆ. ‘ಪಂಚಾಯತಿಯವರು ಕತ್ತೆ ಕಾಯ್ತಿದ್ರಾ?’ ಅಂತ. ಅಲ್ಲೇ ಉತ್ತರ ಕೊಟ್ಟರೆ ಸುಮ್ನೆ ಜಗಳ. ಅದಕ್ಕೇ ಈ ಪತ್ರ. ಇದೇ ಪ್ರಶ್ನೆ ಇನ್ನೂ ಹತ್ತು ಜನ ಕೇಳಿದ್ದಾರೆ, ಹಾಗಾಗಿ ಫೇಸ್‌ಬುಕ್ಕಿನಲ್ಲೇ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಸಿಟ್ಟಾಗಬೇಡ.

ನಾನು ಗ್ರಾಮ ಪಂಚಾಯತಿ ಮೆಂಬರ್ ಆಗಿದ್ದು 2020ರ ಡಿಸೆಂಬರಿನಲ್ಲಿ. 2021ರ ಜುಲೈನಲ್ಲಿ ಹೊಳೆ ಬಂತು. ಮಧ್ಯೆ ಕೊರೊನಾ ಬೇರೆ. ಹಾಗಂತ ತಪ್ಪಿಸಿಕೊಳ್ಳುತ್ತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆಗೂ ಕೆಲಸ ಹಚ್ಚಿದೆ: ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ಸರಂಜಾಮು ಸಜ್ಜಾಗಿ ಇಟ್ಟುಕೊಳ್ಳಬೇಕು, ಪರಿಹಾರದ ಕೆಲಸ ಮಾಡಬೇಕು. ಓದಲು ಚೆನ್ನಾಗಿದೆ. ನಮ್ಮಲ್ಲಿದ್ದ ಸರಂಜಾಮು ಅಂದರೆ ಒಂದು ಕಸದ ಗಾಡಿ, ಎರಡು ಗುದ್ದಲಿ, ಚಾರ್ಜ್ ನಿಲ್ಲದ ಒಂದು ಮೈಕು. ದೋಣಿ ಬೇಕಾದರೆ ತಹಶೀಲ್ದಾರರಿಗೆ ಫೋನ್ ಮಾಡಬೇಕು. ಕೇಂದ್ರದ ವಿಪತ್ತು ಪಡೆ ಎನ್‌ಡಿಆರ್‌ಎಫ್ ಬರಬೇಕಾದರೆ ಡಿಸಿ ಸಾಹೇಬರು ಕರೆಸಬೇಕು.

ಸುದ್ದಿಯೇ ಇರಲಿಲ್ಲ ಅಂತ ಮಾತ್ರ ಅನ್ನಬೇಡ. ನಮ್ಮ ಕೃಷ್ಣೆ ನಮ್ಮ ಮಳೆಗೆ ಏರುವವಳಲ್ಲ, ಅಲ್ವಾ? ಇಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಅಲ್ಲಿ ಮಹಾಬಳೇಶ್ವರದ ಕಡೆ ಸುರಿಯುತ್ತಿರುತ್ತದೆ, ಕೊಯ್ನಾ ತುಂಬುತ್ತದೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು, ದೂಧಗಂಗೆಯಿಂದ ಎಷ್ಟು, ಎರಡೂ ಕೂಡಿ ಕಲ್ಲೋಳದ ಹತ್ತಿರ ಎಷ್ಟು, ಎಲ್ಲವೂ ಮುಂಜಾನೆಯೇ ಮೊಬೈಲಿಗೆ ಬಂದಿರುತ್ತದೆ. ಆದರೆ ಕ್ಯೂಸೆಕ್ ಕೇಳಿ ನಮ್ಮೂರಲ್ಲಿ ಯಾರೂ ಮನೆ ಬಿಡುವುದಿಲ್ಲ. ಹೊಳೆದಂಡೆಯ ಮೋಟಾರು ಎತ್ತಿ ತರಲು ಓಡುತ್ತಾರೆ, ಅಷ್ಟೇ. ಮನೆ ಬಿಡುವ ಲೆಕ್ಕಕ್ಕೆ ಹನುಮಪ್ಪನ ಗುಡಿಯ ಪಾವಟಿಗೆಗಳಿವೆ, ಮೆಟ್ಟಿಲು. ಮೂರು ಮುಳುಗಿದರೂ ‘ಇನ್ನಾ ಟೈಮ್ ಐತಿ’ ಅನ್ನುತ್ತಾರೆ. 2019ರಲ್ಲಿ ಪಾವಟಿಗೆ ಎಲ್ಲ ಮುಳುಗಿ ನೀರು ದೇವರ ಕೊರಳಿಗೆ ಬಂದಿತ್ತು, ಆದರೂ ಲೆಕ್ಕ ಅದೇ.

ಆ ರಾತ್ರಿ ಟಂಟಂಗೆ ಮೈಕು ಕಟ್ಟಿಕೊಂಡು ಸಾರಿದೆವು. ಸಾಲಿಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದೆವು, ಮೊದಲು ಗಂಜಿ ಕೇಂದ್ರ ಅಂತಿದ್ದೆವಲ್ಲ, ಅದೇ. ಕೀಲಿ ಹೆಡ್‌ಮಾಸ್ತರರ ಹತ್ತಿರ, ಹೆಡ್‌ಮಾಸ್ತರರು ತಮ್ಮ ಊರಲ್ಲಿ. ಕಲ್ಲು ತಗೊಂಡು ಕೀಲಿ ಒಡೆದೆವು. ಅನ್ನ ಸಾರು ಮಾಡಿಸಿ ಕೂತರೆ ಬಂದವರು ನಲವತ್ತು ಜನ ಇಲ್ಲ.

ಮನೆ ಮನೆಗೆ ಹೋದೆ. ಕೆಳಗಿನ ಓಣಿಯ ಕೊನೆ ಮನೆಯಲ್ಲಿ ನೀರು ಹೊಸ್ತಿಲಿಗೆ ಬಂದಿತ್ತು. ಆಯಿ ಒಳಗೆ ಎಮ್ಮೆಯ ಹಗ್ಗ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಎಮ್ಮೆಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಈಯಬೇಕು. ‘ತಮ್ಮಾ, ನಾ ಬರತೇನಿ. ಈಕೀನ್ನ ಎಲ್ಲಿ ಕಟ್ಟಲಿ ಹೇಳು’ ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಂಚಾಯತಿಯ ಅಧಿಕಾರಿ ಪಿಡಿಒ ಹತ್ತಿರವೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಅಕ್ಕಿ ಇತ್ತು, ಜಮಖಾನೆ ಇತ್ತು, ಮಾಸ್ಕ್ ಕೂಡ ಇತ್ತು, ಎಮ್ಮೆಗೆ ಜಾಗ ಇರಲಿಲ್ಲ. ಕೊನೆಗೆ ಹೆಂಗಸರು ಮಕ್ಕಳು ಸಾಲಿಗೆ ಬಂದರು, ಗಂಡಸರು ದನ ಹಿಡಿದುಕೊಂಡು ಡಾಂಬರ್ ರಸ್ತೆಯ ಮೇಲೆ ಬೆಳತನಕ ನೆನೆದರು. ಮೇವು ತೊಯ್ದಿತ್ತು, ನಿಂತ ಕಬ್ಬನ್ನೇ ಕಡಿದು ಹಾಕಿದರು. ಆಯಿಯ ಎಮ್ಮೆ ಅಲ್ಲೇ ರಸ್ತೆಯಲ್ಲಿ ಈಯಿತು. ಕರು ಉಳಿಯಲಿಲ್ಲ.

ಮರುವರ್ಷ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲೇ ಪಟ್ಟಿ ಹೊಸದಾಗಿ ಮಾಡಿದೆವು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಬಸುರಿ, ಸಾಲಿಯ ಎರಡನೇ ಕೀಲಿ ಯಾರ ಹತ್ತಿರ, ಯಾರ ಮನೆಯಲ್ಲಿ ಎಷ್ಟು ದನ, ಎಲ್ಲ. ಎತ್ತರದ ಮಡ್ಡಿಯ ಮೇಲಿನ ಗಾಯರಾಣದಲ್ಲಿ, ಅಂದರೆ ಊರ ದನ ಮೇಯುವ ಜಾಗದಲ್ಲಿ, ಗೂಟ ಹೊಡೆದೆವು, ನೀರಿನ ತೊಟ್ಟಿ ಕಟ್ಟಿಸಿದೆವು. ತಗಡಿನ ಶೆಡ್ಡಿಗೆ ದುಡ್ಡು ಇವತ್ತಿಗೂ ಬಂದಿಲ್ಲ. 2024ರ ಜುಲೈನಲ್ಲಿ ಹೊಳೆ ಮತ್ತೆ ಏರಿದಾಗ ಮೈಕಿನಲ್ಲಿ ಜನರ ಸುದ್ದಿಯನ್ನೇ ಎತ್ತಲಿಲ್ಲ, ‘ದನಾ ಮಡ್ಡಿಗಿ ಹೊಡೀರಿ, ಮೇವಿನ ಟ್ರ್ಯಾಕ್ಟರ್ ಬಂದೈತಿ’ ಅಂತಷ್ಟೇ ಕೂಗಿದೆವು. ಹೊತ್ತು ಮುಳುಗುವುದರೊಳಗೆ ದನ ಹೋದವು. ಬೆನ್ನ ಹಿಂದೆ ಜನ ತಾವಾಗೇ ಹೋದರು. ಅಲ್ಲಿ ಎರಡು ಎಮ್ಮೆ ಅದಲುಬದಲಾಗಿ ಆದ ಜಗಳ ಬಿಡಿಸಲು ಮಾತ್ರ ಮೂರು ದಿನ ಬೇಕಾಯಿತು.

ಇನ್ನು ನಿನ್ನ ನಿಜವಾದ ಸಿಟ್ಟು. 2021ರಲ್ಲಿ ನಿಮ್ಮ ಮನೆ ‘ಸಿ’ ಪಟ್ಟಿಗೆ ಬಿತ್ತು ಅಂತ, ಗೊತ್ತು. ಆಗ ಪರಿಹಾರ, ಮನೆ ಪೂರ್ತಿ ಬಿದ್ದ ‘ಎ’ ಆದರೆ 5 ಲಕ್ಷ, ಸ್ವಲ್ಪ ಹಾಳಾದ ‘ಸಿ’ ಆದರೆ 50 ಸಾವಿರ ಇತ್ತು. ಸರ್ವೇಗೆ ಬಂದ ದಿನ ಗೋಡೆ ನಿಂತಿತ್ತು, ಫೋಟೋದಲ್ಲೂ ನಿಂತಿತ್ತು. ಮಣ್ಣಿನ ಗೋಡೆ ನೀರಲ್ಲಿ ಬೀಳುವುದಕ್ಕಿಂತ ನೀರು ಇಳಿದು ಬಿಸಿಲು ಬಿದ್ದ ಮೇಲೆ ಜಾಸ್ತಿ ಬೀಳುತ್ತದೆ. ನಿಮ್ಮದು ಎಂಟನೇ ದಿನಕ್ಕೆ ಬಿತ್ತು. ಮತ್ತೆ ಅರ್ಜಿ ಬರೆಸಿ ನಾನೇ ಒಯ್ದು ಕೊಟ್ಟೆ, ತಿರುಗಿ ಬಂತು. ಸರ್ವೇದವರಿಗೆ ‘ಇನ್ನೊಂದು ವಾರ ಬಿಟ್ಟು ಬರ್ರಿ’ ಅಂತ ನಾನು ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ಬೈ, ಕೇಳಿಸಿಕೊಳ್ಳುತ್ತೇನೆ.

ಮಿರಗ ಕೂಡಲು ಇನ್ನು ಹದಿನೈದು ದಿನ. ಈ ವರ್ಷದ ಪಟ್ಟಿಯಲ್ಲಿ ನಿಮ್ಮವ್ವನ ಹೆಸರಿನ ಮುಂದೆ ನಿನ್ನ ನಂಬರ್ ಬರೆದಿದ್ದೇನೆ. ನಾನು ಕರೆದರೆ ಆಕೆ ಏಳುವುದಿಲ್ಲ, ನೀನು ಹೇಳಿದರೆ ಏಳುತ್ತಾಳೆ. ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗಬೇಡ ಮತ್ತೆ.

ನಿನ್ನ ದೋಸ್ತ,
ಎರಡನೇ ವಾರ್ಡಿನ ಮೆಂಬರ್